ಮೋಟರಿಗಿಟ್ಟ ಬೊಟ್ಟು

ದೋಣಿಗೆ ಹಾಕುವ ಆ ಮೋಟರನ್ನು ಕಂಡರೆ ಹೊನ್ನಯ್ಯನಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಂಜಿನ್ನು ಅಂದಮೇಲೆ ನೆಲ ನಡುಗಬೇಕು, ಕಪ್ಪು ಹೊಗೆ ಬರಬೇಕು, ಎತ್ತಿಡಲು ಬಂದ ಗಂಡಾಳುಗಳು ಏದುಸಿರು ಬಿಡಬೇಕು. ಇದೋ, ಹೆಂಗಸೊಬ್ಬಳು ಕೂಸನ್ನು ಕಂಕುಳಿಗೆ ಹಾಕಿಕೊಂಡ ಹಾಗೆ ಹಾಕಿಕೊಂಡು ಬರುವಂಥದ್ದು. ಮೇಲೆ ಪೇಟ ಸುತ್ತಿದ ಹಾಗೆ ಒಂದು ಪ್ಲಾಸ್ಟಿಕ್ಕಿನ ಮುಚ್ಚಳ, ಕೆಳಗೆ ಒಂದೇ ಒಂದು ಉದ್ದನೆ ಕಾಲು, ಕಾಲಿನ ತುದಿಗೆ ಅಂಗೈಯಗಲದ ಫ್ಯಾನು. ಅದು ಊರಿಗೆ ಬಂದ ದಿನವೇ, “ಮಿಕ್ಸೀಗೆ ಬಾಲ ಕಟ್ಟವ್ರೆ ಕನ್ರಪ್ಪ,” ಎಂದಿದ್ದ. ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ನಕ್ಕಿದ್ದರು. ಅವರು ನಕ್ಕಿದ್ದು ಮಾತಿಗೋ, ಮಾತಾಡಿದವನು ಹೊನ್ನಯ್ಯ ಅನ್ನುವುದಕ್ಕೋ, ಹೇಳುವುದು ಕಷ್ಟ. ಅಂತೂ ಅಂದಿನಿಂದ ಹೊನ್ನಯ್ಯ ಅದನ್ನು ಮಿಕ್ಸಿ ಎಂದೇ ಕರೆಯುತ್ತಿದ್ದ.

ಈಗ ಆ ಮಿಕ್ಸಿ ಅವನ ಅಂಗಡಿಯ ಮುಂದೆ, ನೀರು ತುಂಬಿದ ಡ್ರಮ್ಮಿನ ಅಂಚನ್ನು ಕಚ್ಚಿಕೊಂಡು ನಿಂತಿತ್ತು. ಎಷ್ಟು ಹಗ್ಗ ಎಳೆದರೂ ಉಸಿರೆತ್ತುತ್ತಿರಲಿಲ್ಲ.

ಹೊಂಗೇಕೆರೆ ಅನ್ನುವುದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿರುವ ಊರು. ಊರ ಬಾಗಿಲಿಗೇ ಹೊನ್ನಯ್ಯನ ಅಂಗಡಿ, ಅಂಗಡಿಯ ಬೆನ್ನಿಗೇ ಮನೆ. ಒಂದು ಕಾಲಕ್ಕೆ ಆ ಅಂಗಡಿಯ ಮುಂದೆ ಡೀಸೆಲ್ ಪಂಪ್‌ಸೆಟ್ಟುಗಳು ಎತ್ತಿನ ಗಾಡಿಯಿಂದ ಇಳಿದು ಸಾಲಾಗಿ ಕೂತಿರುತ್ತಿದ್ದವು. ಕಬ್ಬಿನ ಗದ್ದೆಯವರು ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು, “ನಮ್ದು ವಸಿ ನೋಡಣ್ಣ,” ಎಂದು ಕಾಯುತ್ತಿದ್ದರು. ಹೊನ್ನಯ್ಯ ಬೀಡಿ ಮುಗಿಯುವವರೆಗೂ ತಲೆ ಎತ್ತುತ್ತಿರಲಿಲ್ಲ. ಈಗ ಎಲ್ಲರ ಗದ್ದೆಯಲ್ಲೂ ಕರೆಂಟು ಮೋಟರು. ಅವು ಸುಟ್ಟರೆ ತಂತಿ ಸುತ್ತಿಸಲು ಮದ್ದೂರಿಗೋ ಮಂಡ್ಯಕ್ಕೋ ಹೋಗುತ್ತವೆ. “ತಾಮ್ರದ ದಾರ ಸುತ್ಕಂಡು ಕೂರೋದು ಗಂಡಸ್ರು ಕ್ಯಾಮೆ ಅಲ್ಲ,” ಎಂದು ಹೊನ್ನಯ್ಯ ಅದನ್ನು ಕಲಿಯಲಿಲ್ಲ.

ಕಲಿಯೋಣ ಅಂದವನು ಯತೀಶ. ಅಂಗಡಿಯಲ್ಲಿ ಕೊನೆಗೆ ಉಳಿದಿದ್ದ ಶಿಷ್ಯ ಅವನೇ. ಒಂದು ದಿನ ಮಂಡ್ಯದಿಂದ ಮುಷ್ಟಿಗಾತ್ರದ ಮೀಟರೊಂದನ್ನು ತಂದು ಮೇಜಿನ ಮೇಲಿಟ್ಟು, “ಅಣ್ಣ, ಇದ್ರಾಗೆ ವೈರು ಕಾಯಿಲ್ಲು ಎಲ್ಲಾನೂ ನೋಡ್ಬೋದು,” ಅಂದ. ಹೊನ್ನಯ್ಯ ಗಿರಾಕಿಗಳ ಕಡೆ ತಿರುಗಿ, “ನೋಡ್ರಪ್ಪ, ನಮ್ಮ ಡಾಕ್ಟ್ರು ಬಂದವ್ರೆ. ಬೆಳ್ಳಲ್ಲಿ ಮುಟ್ಟಿದ್ರೆ ಗೊತ್ತಾಗ್ದೇ ಇರೋನು ಇಂಥದ್ದೊಂದು ಡಬ್ಬಿ ಮಡಿಕತಾನೆ,” ಅಂದ. ಯತೀಶ ಮೀಟರನ್ನು ಖಾನೆಗೆ ಹಾಕಿ ನಟ್ಟು ತೊಳೆಯಲು ಕೂತ. ಆ ವಾರ ಕಳೆದ ಮೇಲೆ ಕೆಲಸಕ್ಕೆ ಬರಲಿಲ್ಲ. ಮೀಟರು ಇಲ್ಲೇ ಉಳಿಯಿತು. ಯತೀಶ ಈಗ ಮಂಡ್ಯದ ಗುತ್ತಲಿನಲ್ಲಿ ದೊಡ್ಡ ಬೋರ್ಡು ಹಾಕಿಕೊಂಡು ಅಂಗಡಿ ಇಟ್ಟಿದ್ದಾನೆ, ಹೋದವರು ಕುರ್ಚಿಯ ಮೇಲೆ ಕೂರಬಹುದಂತೆ ಎಂಬ ಸುದ್ದಿ ಬಂದಿತ್ತು. “ಕೂರ್ಲಿ. ಕ್ಷೌರದಂಗ್ಡೀಲೂ ಕುರ್ಚಿ ಇರ್ತದೆ,” ಅಂದಿದ್ದ ಹೊನ್ನಯ್ಯ.

ಹೀಗಾಗಿ, ಎಷ್ಟೇ ಹೀಗಳೆದರೂ, ಅವನ ಅಂಗಡಿಯ ಬಾಗಿಲಿಗೆ ಬರುವ ಎಂಜಿನ್ನು ಅಂತ ಉಳಿದಿದ್ದು ಆ ಮಿಕ್ಸಿ ಒಂದೇ. ಅದೂ ಬೇರೆಯವರ ಕೈಗೆ ಹೋದರೆ ಹೊನ್ನಯ್ಯ ಬಾಗಿಲು ಎಳೆದುಕೊಂಡು ಒಳಗೆ ಹೆಂಡತಿಯ ಜೊತೆ ಟೀವಿ ನೋಡಬೇಕು. ಬೇರೆಯವರ ಕೈ ಅಂದರೆ ಯತೀಶನ ಕೈ. ಅದನ್ನು ನೆನೆದರೇ ಅವನಿಗೆ ಬಾಯಿ ಕಹಿಯಾಗುತ್ತಿತ್ತು.

ಮೋಟರು ಪಟ್ಟಲಮ್ಮನದು. ಪೂರ್ತಿ ಅವಳದಲ್ಲ, ಹೆಂಗಸರ ಸಂಘದ್ದು. ಊರ ಕೆರೆಯ ಮೀನಿನ ಗುತ್ತಿಗೆ ಸಂಘಕ್ಕೆ ಸಿಕ್ಕ ಮೇಲೆ ದೋಣಿಯೂ ಮೋಟರೂ ಬಂದವು. ದೋಣಿ ನಡೆಸಲು ಉಳಿದವರು ಹೆದರಿ ಹಿಂದೆ ಸರಿದಾಗ ಪಟ್ಟಲಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದ್ದಳು. ಗಂಡ ಮಾದಯ್ಯ ತೀರಿಕೊಂಡ ಮೇಲೆ ಅವಳಿಗೆ ನೆಲದ ಮೇಲೆ ಹೆದರಿಸುವವರು ಬಹಳ ಜನ ಇದ್ದರು, ನೀರಿನ ಮೇಲೆ ಯಾರೂ ಇರಲಿಲ್ಲ. ಮೋಟರು ನಡೆಸುವುದನ್ನು ಅವಳಿಗೆ ಹೇಳಿಕೊಟ್ಟವನು ಹೊನ್ನಯ್ಯನೇ. ಹಗ್ಗ ಎಳೆದು ಸ್ಟಾರ್ಟು ಮಾಡು, ನಿಲ್ಲಿಸಬೇಕಾದಾಗ ಪೆಟ್ರೋಲಿನ ನಲ್ಲಿ ತಿರುಗಿಸು. “ಎಣ್ಣೆ ನಿಂತ್ರೆ ಎಂಜಿನ್ನು ನಿಲ್ತದೆ. ಇಷ್ಟೇ ಕನಮ್ಮಿ ಇದ್ಯೆ,” ಎಂದು ಕಲಿಸಿದ್ದ. ಡೀಸೆಲ್ ಎಂಜಿನ್ನುಗಳನ್ನು ಅವನು ಜೀವಮಾನವೆಲ್ಲ ನಿಲ್ಲಿಸಿದ್ದು ಹಾಗೆಯೇ. ಕಂಪನಿಯವರು ಕೊಟ್ಟ ಪುಸ್ತಕ ಮೊದಲ ದಿನವೇ ವಡೆ ಸುತ್ತುವುದಕ್ಕೆ ಹೋಗಿತ್ತು.

ಈ ಸಲದ ಆಯುಧಪೂಜೆಯ ತನಕ ಮೋಟರು ತಕರಾರಿಲ್ಲದೆ ಓಡಿತು.

ಆಯುಧಪೂಜೆ ಹೊನ್ನಯ್ಯನ ಹಬ್ಬ. ಊರಿನ ಟ್ರಾಕ್ಟರು, ಟಿಲ್ಲರು, ಬೈಕು ಎಲ್ಲವೂ ಅಂದು ಅವನ ಅಂಗಡಿಯ ಮುಂದೆ ಬಂದು ಬೊಟ್ಟು ಇಡಿಸಿಕೊಳ್ಳಬೇಕು. ಅವನಿಡುವ ಬೊಟ್ಟು ಬೇರೆಯವರದರ ಹಾಗಲ್ಲ. ಅರಿಶಿನ, ವಿಭೂತಿ, ಕುಂಕುಮ ಕಲಸುವಾಗ ಜಾಲಿಮರದ ಅಂಟು ನೆನೆಹಾಕಿ ಅದರಲ್ಲಿ ಸೇರಿಸುತ್ತಿದ್ದ. ಒಣಗಿದರೆ ಗಾರೆ ಮೆತ್ತಿದ ಹಾಗೆ. “ನಾನಿಟ್ಟ ಬೊಟ್ಟು ಬರೋ ವರ್ಸದ ತಂಕ ಅಳ್ಳಾಡಾಕಿಲ್ಲ,” ಅನ್ನುವುದು ಅವನ ಹೆಮ್ಮೆ. ನಿಜಕ್ಕೂ ಅಳ್ಳಾಡುತ್ತಿರಲಿಲ್ಲ. ಪೂಜೆ ಮಾಡಿದ ಬೊಟ್ಟನ್ನು ಊರಿನಲ್ಲಿ ಯಾರೂ ಒರೆಸುತ್ತಲೂ ಇರಲಿಲ್ಲ.

ಪಟ್ಟಲಮ್ಮ ಅಂದು ಮೋಟರನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ ತಂದಿದ್ದಳು. ಕುಂಕುಮದ ಬಟ್ಟಲಿಗೆ ತಾನೇ ಕೈ ಚಾಚಿದಳು. ಹೊನ್ನಯ್ಯ ಬಟ್ಟಲನ್ನು ಹಿಂದಕ್ಕೆಳೆದುಕೊಂಡ.

“ನೀನು ವಸಿ ಅತ್ತಗೆ ನಿಂತ್ಕೊ.”

ಅಷ್ಟೇ ಅಂದದ್ದು. ಯಾಕೆ ಅಂತ ಹೇಳುವ ಅಗತ್ಯ ಇರಲಿಲ್ಲ, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಟ್ಟಲಮ್ಮ ಹೋಗಿ ಡ್ರಮ್ಮಿನ ಪಕ್ಕ ನಿಂತಳು. ಹೊನ್ನಯ್ಯ ಮೋಟರಿನ ಮುಖ ನೋಡಿದ. ಪೇಟದಂಥ ಮುಚ್ಚಳದ ಕೆಳಗೆ, ಹಣೆಯ ಜಾಗಕ್ಕೆ ಸರಿಯಾಗಿ, ಕೆಂಪಗೆ ದುಂಡಗೆ ಒಂದು ಉಬ್ಬು ಇತ್ತು. “ನೋಡಿದ್ರಾ, ಕಂಪ್ನಿಯವನೇ ಬೊಟ್ಟಿಗೆ ಅಂತ ಜಾಗ ಮಾಡಿ ಕಳ್ಸವ್ನೆ,” ಎಂದು ನಕ್ಕು, ಹೆಬ್ಬೆಟ್ಟಿನ ತುಂಬ ಕುಂಕುಮ ತೆಗೆದುಕೊಂಡು ಅದರ ಮೇಲೆ ಒತ್ತಿ ಹಿಡಿದ. ಅವನು ಬೊಟ್ಟು ಇಡುತ್ತಿದ್ದುದೇ ಹಾಗೆ, ಮುದ್ರೆ ಒತ್ತಿದ ಹಾಗೆ.

ಮಾರನೇ ದಿನ ಕೆರೆಯ ಏರಿಯಲ್ಲಿ ಮೋಟರು ಸ್ಟಾರ್ಟ್ ಆಗಲಿಲ್ಲ.

“ಪೂಜೆ ಮಾಡ್ದ ಮಾರ್ನೇ ದಿನ್ವೇ ನಿಂತೋಯ್ತಲ್ಲಣ್ಣ?” ಎಂದು ಯಾರೋ ಕೇಳಿದ್ದಕ್ಕೆ ಹೊನ್ನಯ್ಯ ಟೀ ಲೋಟ ಕೆಳಗಿಡದೆ, “ಪೂಜೆ ವತ್ನಲ್ಲಿ ಯಾರ ನೆಳ್ಳು ಬಿದ್ದದೆ ಅಂತಾನೂ ನೋಡ್ಬೇಕಲ್ಲಪ್ಪ,” ಅಂದ. ಮಾತು ಕೆರೆಯ ಏರಿಗೆ ಹೋಗಿ ಪಟ್ಟಲಮ್ಮನ ಕಿವಿಗೆ ಬೀಳಲು ತಡವಾಗಲಿಲ್ಲ. ಅವಳು ಅದನ್ನು ಕೇಳಿಸಿಕೊಂಡು ಹರಿಗೋಲು ತೆಗೆದುಕೊಂಡು ಬಲೆ ಎತ್ತಲು ಹೋದಳು. ಅಂದಿನಿಂದ ದಿನಾ ಹರಿಗೋಲಿನಲ್ಲೇ. ಆಚೆ ಕೋಡಿಯ ಬಲೆ ಎತ್ತಿ ಈಚೆ ಬರುವಷ್ಟರಲ್ಲಿ ಮೀನು ಮೆತ್ತಗಾಗಿ, ಮಳವಳ್ಳಿಯ ವ್ಯಾಪಾರಿ ಮೂಗು ಸಿಂಡರಿಸುತ್ತಿದ್ದ.

ಹೊನ್ನಯ್ಯ ಅಷ್ಟು ದಿನವೂ ಮೋಟರನ್ನು ಅಂಗಡಿಯಲ್ಲಿಟ್ಟುಕೊಂಡು ಒಬ್ಬೊಬ್ಬರ ಕಡೆಗೂ ಬೊಟ್ಟು ಮಾಡಿದ. ಪೆಟ್ರೋಲಿಗೆ ನೀರು ಬೆರೆಸಿದವನ ಕಡೆಗೆ. ಕಾರ್ಬೊರೇಟರಿಗೆ ಪಾಚಿ ಹೋಗುವ ಹಾಗೆ ದೋಣಿ ನಡೆಸಿದವಳ ಕಡೆಗೆ. ಇಂಥ ಮಿಕ್ಸಿಯನ್ನು ಮಾಡಿದ ಕಂಪನಿಯ ಕಡೆಗೆ. ಪೆಟ್ರೋಲು ಬದಲಾಯಿಸಿದ, ಕಾರ್ಬೊರೇಟರು ಬಿಚ್ಚಿ ಊದಿದ. ಮಿಕ್ಸಿ ಮಿಸುಕಲಿಲ್ಲ.

ಈ ಹೊತ್ತು ಬೆಳಿಗ್ಗೆ ಪಟ್ಟಲಮ್ಮ ಬಂದು, ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಳು.

“ಅಣ್ಣ, ಅಶೋಕನ ಗಾಡಿ ಮಂಡ್ಯಕ್ಕೆ ಓಗ್ತದಂತೆ. ಮೋಟ್ರು ಅದ್ರಾಗೆ ಆಕ್ಕಂಡು ಯತೀಶನ ತಾವ ತೋರಿಸ್ಕಬತ್ತೀನಿ.”

“ಯಾವ ಯತೀಶ?”

“ಊರಿಗೆಲ್ಲ ಎಷ್ಟು ಜನ ಯತೀಶರವ್ರೆ? ನಿನ್ನ ಅಂಗ್ಡೀಲೇ ಇರ್ನಿಲ್ವ?”

“ಓ, ಅವ್ನಾ. ನನ್ನ ಅಂಗ್ಡೀಲಿ ಸೀಮೆಣ್ಣೆಗೆ ನಟ್ಟು ಆಕಿ ತೊಳೀತಿದ್ದ. ಅದ್ನೂ ನೆಟ್ಟಗೆ ತೊಳೀತಿರ್ನಿಲ್ಲ.”

“ಈಗ ತೊಳೀತಾನೋ ಏನೋ, ನೋಡನ.”

ಹೊನ್ನಯ್ಯ ಬೀಡಿ ಬಿಸಾಡಿ ಎದ್ದ. “ಗಾಡಿ ಬರೋ ತಂಕ ಟೈಮ್ ಅದೆ ತಾನೆ? ಕೂತ್ಕೊ ಸುಮ್ಕೆ. ಬೆಂಕಿ ಬತ್ತದೋ ಇಲ್ವೋ ನೋಡೇಬುಡ್ತೀನಿ.”

ಬೆಂಕಿ ಅಂದರೆ ಪ್ಲಗ್ಗಿನ ತುದಿಯಲ್ಲಿ ಸಿಡಿಯುವ ಕಿಡಿ. ಅವನು ಮುಚ್ಚಳ ತೆಗೆದು, ಪ್ಲಗ್ಗು ಬಿಚ್ಚಿ, ದಪ್ಪ ವೈರಿನ ತುದಿಯ ರಬ್ಬರ್ ಟೋಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ಒತ್ತಿ ಹಿಡಿದ. ಬಿಸಿಲಿಗೆ ಕಾಣುವುದಿಲ್ಲವೆಂದು ಬೆನ್ನಿನಿಂದ ನೆರಳು ಮಾಡಿಕೊಂಡು ಹಗ್ಗ ಎಳೆದ. ನೀಲಿಯೂ ಇಲ್ಲ, ಬಿಳಿಯೂ ಇಲ್ಲ. ಹೊಸ ಪ್ಲಗ್ಗು ತಂದು ಹಿಡಿದ. ಅದರಲ್ಲೂ ಇಲ್ಲ. ಟೋಪಿಯನ್ನೇ ತಿರುಪಿ ಕಿತ್ತು, ಬರೀ ವೈರಿನ ತುದಿಯನ್ನು ಬೆರಳಿನಲ್ಲಿ ಹಿಡಿದು ಎಳೆದ. ಬೆರಳಿಗೆ ಚುರ್ ಅಂತಲೂ ಅನ್ನಲಿಲ್ಲ.

“ಕಾಯಿಲ್ ಸತ್ತೋಗದೆ,” ಅಂದ.

“ಹೋದ ವಾರ ಕಾರ್ಬೊರೇಟ್ರು ಅಂದಿದ್ದೆ.”

“ಅದೂ ಸತ್ತಿತ್ತು.”

ಪಟ್ಟಲಮ್ಮ ಫೋನು ತೆಗೆದು ಏನೋ ಒತ್ತಿ, ಅದನ್ನು ಎಣ್ಣೆ ಡಬ್ಬಕ್ಕೆ ಒರಗಿಸಿಟ್ಟಳು. ಒಳಗಿನಿಂದ ಯತೀಶನ ದನಿ ಜೋರಾಗಿಯೇ ಬಂತು. “ಏಳಕ್ಕ.” ಅವಳು ಹೊನ್ನಯ್ಯನ ಮುಖವನ್ನೇ ನೋಡುತ್ತ, “ಬೆಂಕಿ ಬತ್ತಾ ಇಲ್ವಂತೆ ಕನಪ್ಪ. ಕಾಯಿಲ್ ಓಗದೆ ಅಂತಾರೆ ನಿಮ್ಮ ಗುರುಗಳು,” ಅಂದಳು.

ಅತ್ತ ಸ್ಪ್ಯಾನರು ಕೆಳಗಿಟ್ಟ ಸದ್ದಾಯಿತು. ಆಮೇಲೆ, “ಅಣ್ಣ ಅವ್ರೆ ಅಲ್ಲಿ? ಅಣ್ಣ, ನನ್ ಮೀಟ್ರು ಇರ್ಬೇಕಲ್ಲ ಅಂಗ್ಡೀಲಿ. ಅದ್ರಲ್ಲಿ ವಸಿ ನೋಡಿಬುಡಿ. ಕಾಯಿಲ್ ಓಗಿದ್ರೆ ಅದೇ ಏಳ್ತದೆ.”

“ಎಷ್ಟು ದೂರ್ದಲ್ಲಿ ಕೂತ್ಕಂಡು ಎಲ್ಲಿ ಕೈ ಆಡಿಸ್ತಾನೆ ನೋಡು,” ಎಂದು ಹೊನ್ನಯ್ಯ ಗೊಣಗಿದ. ಆದರೆ ಪಟ್ಟಲಮ್ಮ ಕಲ್ಲಿನಿಂದ ಅರ್ಧ ಎದ್ದಿದ್ದಳು. ಅವನು ಮೇಜಿನ ಖಾನೆ ಎಳೆದ. ಬೇರಿಂಗು, ವಾಷರು, ಹಲ್ಲಿಮೊಟ್ಟೆಗಳ ನಡುವೆ ಮೀಟರು ಸಿಕ್ಕಿತು. ಸೆಲ್ಲು ಕೊಳೆತು ಬಿಳಿ ಹಿಟ್ಟಾಗಿತ್ತು. ಒಳಗೆ ಹೋಗಿ, ಧಾರಾವಾಹಿ ನೋಡುತ್ತಿದ್ದ ಹೆಂಡತಿ ಮಲ್ಲಿಗಮ್ಮನ ಕೈ ಪಕ್ಕದಲ್ಲಿದ್ದ ಟೀವಿ ರಿಮೋಟು ತೆಗೆದು ಅದರ ಸೆಲ್ಲು ಕಿತ್ತುಕೊಂಡು ಬಂದ.

“ಏ, ಅತ್ತೆ ಇಸ ಆಕೋ ಟೈಮ್ನಾಗೆ ಏನ್ ನಿಂದು!” ಎಂದು ಹಿಂದಿನಿಂದ ಅವಳು ಕೂಗಿದಳು.

ಮೀಟರಿಗೆ ಜೀವ ಬಂತು. ಫೋನಿನೊಳಗಿಂದ ಯತೀಶ ಒಂದೊಂದಾಗಿ ಹೇಳಿದ. ಮೊದಲು ಕಾಯಿಲ್ಲಿನ ಸಣ್ಣ ಸುತ್ತು, ಮೀಟರಿನ ಒಂದು ಮುಳ್ಳು ಇಲ್ಲಿ, ಇನ್ನೊಂದು ಎಂಜಿನ್ನಿನ ಮೈಗೆ. ಹೊನ್ನಯ್ಯ ಓದಿ ಹೇಳಿದ ಅಂಕಿ ಕೇಳಿ, “ಸರಿಯಾಗದೆ,” ಅಂದ. ಆಮೇಲೆ ದಪ್ಪ ವೈರಿನ ಸುತ್ತು. “ಅದೂ ಸರಿಯಾಗದೆ.” ಆಮೇಲೆ ತಿರುಗುವ ಚಕ್ರದ ಕೆಳಗೆ ಅಯಸ್ಕಾಂತದ ಪಕ್ಕ ಕೂತಿರುವ ಸುತ್ತಿನ ವೈರು. “ಅದೂ ಚೆನ್ನಾಗದಲ್ಲಣ್ಣ!” ಒಂದೊಂದು ಸಲ ಅವನು ಸರಿಯಾಗಿದೆ ಅಂದಾಗಲೂ ಹೊನ್ನಯ್ಯನಿಗೆ ಯಾರೋ ಕಪಾಳಕ್ಕೆ ಮೆಲ್ಲಗೆ ತಟ್ಟಿದ ಹಾಗಾಗುತ್ತಿತ್ತು. ಕಾಯಿಲ್ ಸತ್ತಿದೆ ಅಂದವನು ತಾನು, ಬದುಕಿದೆ ಅನ್ನುತ್ತಿರುವುದು ತನ್ನದೇ ಕೈಯಲ್ಲಿರುವ ಡಬ್ಬಿ.

“ಅಂಗಾರೆ ಸ್ಟಾಪ್ ಬಟನ್ ನೋಡಿ ಒಂದ್ಸಲ,” ಅಂದ ಯತೀಶ. “ಅದು ಒಳಕ್ಕೇ ಕೂತ್ಬುಟ್ಟಿದ್ರೆ ಬೆಂಕಿ ಎಲ್ಲ ಮೈಗೆ ಅರ್ದೋಯ್ತದೆ, ಪ್ಲಗ್ಗಿಗೆ ಬರಾಕೇ ಇಲ್ಲ.”

ಸ್ಟಾಪ್ ಬಟನ್ನು! ಅಂಥದ್ದೊಂದು ಇದೆ ಅಂತಲೇ ಹೊನ್ನಯ್ಯನಿಗೆ ಗೊತ್ತಿರಲಿಲ್ಲ. ಎಣ್ಣೆ ನಿಲ್ಲಿಸಿ ಎಂಜಿನ್ನು ನಿಲ್ಲಿಸುವುದು ಬಿಟ್ಟು ಬೆಂಕಿ ಆರಿಸಿ ನಿಲ್ಲಿಸುವ ಬುದ್ಧಿ ಯಾರಿಗಾದರೂ ಯಾಕೆ ಬರಬೇಕು? ಆದರೆ ಪಟ್ಟಲಮ್ಮನ ಎದುರಿಗೆ, ನಟ್ಟು ತೊಳೆಯುತ್ತಿದ್ದವನ ಹತ್ತಿರ, ಅದು ಎಲ್ಲಿದೆಯಪ್ಪ ಎಂದು ಕೇಳುವುದಕ್ಕಿಂತ ನಾಲಿಗೆ ಕಚ್ಚಿಕೊಳ್ಳುವುದು ವಾಸಿ.

“ನೋಡ್ದೆ, ನೋಡ್ದೆ. ಅದ್ನೇ ಮೊದ್ಲು ನೋಡಿದ್ದು,” ಅಂದ. “ಸರಿಯಾಗೇ ಅದೆ.”

“ಅಂಗಾದ್ರೆ ಇನ್ನೇನಿಲ್ಲ, ಬೆಂಕಿ ಕಳ್ಸೋ ಸಿಡಿಐ ಡಬ್ಬಿ ಓಗಿರ್ಬೇಕು. ಬೇರೆ ತರಿಸ್ಬೇಕಾಯ್ತದೆ. ತಕ್ಕಬಾ ಅಕ್ಕ, ನಾನೇ ಒಂದ್ಸಲ ನೋಡ್ತೀನಿ.”

ಪಟ್ಟಲಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. “ಅಶೋಕನ್ನ ಕರ್ಕಬತ್ತೀನಿ. ಮುಚ್ಚಳ ಆಕಿಡು,” ಎಂದು, ಸತ್ತವರ ಮನೆಯಿಂದ ಹೊರಡುವವಳ ಹಾಗೆ ಹಿಂದಿರುಗಿ ನೋಡದೆ ಹೊರಟಳು.

ಹೊನ್ನಯ್ಯ ಮೋಟರಿನ ಎದುರು ಕುಕ್ಕರಗಾಲಲ್ಲಿ ಕೂತ. ಮೋಟರಿಗಿಂತ ಹೆಚ್ಚಾಗಿ ಅವನಿಗೆ ಆ ಬಟನ್ನಿನ ಮೇಲೆ ಸಿಟ್ಟು ಬಂದಿತ್ತು. ಇಲ್ಲದ್ದನ್ನೆಲ್ಲ ಸೇರಿಸಿ ಮಾತಾಡುತ್ತಾನೆ ಬಡ್ಡೀಮಗ. ಎಲ್ಲಿದೆ ಬಟನ್ನು? ಇದ್ದರೆ ಅದಕ್ಕೊಂದು ವೈರು ಬೇಕಲ್ಲ? ತೋರಿಸಲಿ! ಯತೀಶ ಹೇಳಿದ್ದು ಸುಳ್ಳು ಅಂತ ಅಶೋಕನ ಗಾಡಿ ಬರುವ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು ಎಂದು, ಆ ಸಿಡಿಐ ಅನ್ನುವ ಕಪ್ಪು ಡಬ್ಬಿಯಿಂದ ಹೊರಟ ವೈರುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದುಕೊಂಡು ಹೋದ. ಒಂದು ಕಾಯಿಲ್ಲಿಗೆ ಹೋಯಿತು. ಒಂದು ಚಕ್ರದ ಕೆಳಗಿನಿಂದ ಬಂದಿತ್ತು. ಒಂದು ಮೈಗೆ ಸ್ಕ್ರೂ ಹಾಕಿ ಕಟ್ಟಿದ್ದು. ಉಳಿದದ್ದು ಒಂದು, ಬಡಕಲು ವೈರು, ರಬ್ಬರಿನ ತೂತಿನಲ್ಲಿ ನುಸುಳಿ ಮುಂದಕ್ಕೆ ಹೋಗಿತ್ತು. ಮುಂದಕ್ಕೆ ಅಂದರೆ ಹಣೆಯ ಕಡೆಗೆ. ನಡುವೆ ಒಂದು ಪಿನ್ನು ಇತ್ತು. ಅದನ್ನು ಬಿಚ್ಚಿದ. ಟೋಪಿಯಿಲ್ಲದ ದಪ್ಪ ವೈರಿನ ತುದಿಯನ್ನು ಹಿಂದಿನ ಹಾಗೇ ಬೆರಳಿನಲ್ಲಿ ಹಿಡಿದು, ತಾತ್ಸಾರದಿಂದ ಹಗ್ಗ ಎಳೆದ.

ಮೊಣಕೈ ತ‌ನಕ ಒದೆಯಿತು. ಅವನು ಹಿಂದಕ್ಕೆ ಬಿದ್ದು, ಡ್ರಮ್ಮಿಗೆ ಬೆನ್ನು ತಾಗಿಸಿಕೊಂಡು ಕೂತ.

“ಅಯ್ ನಿನ್ನ...” ಅಂದ. ಮಿಕ್ಸಿಗೆ ಅವನು ಅಂದ ಮಾತುಗಳಲ್ಲಿ ವಸಿ ಮರ್ಯಾದೆ ಇದ್ದದ್ದು ಅದೊಂದೇ.

ಎದ್ದು ಬಂದು ಮುಂದಿನಿಂದ ನೋಡಿದ. ಬಡಕಲು ವೈರು ಹೋಗಿ ಸೇರಿದ್ದ ಜಾಗದಲ್ಲಿ, ಇತ್ತಗೆ, ಅವನಿಟ್ಟ ಬೊಟ್ಟು ಗಟ್ಟಿಯಾಗಿ, ದಪ್ಪಗೆ, ಹೆಬ್ಬೆಟ್ಟಿನ ಗೆರೆಗಳ ಸಮೇತ ಕೂತಿತ್ತು. ಕಂಪನಿಯವನು ಬೊಟ್ಟಿಗೆ ಅಂತ ಬಿಟ್ಟ ಜಾಗ! ಒತ್ತಿ ಹಿಡಿದದ್ದು, ಅಂಟು ಸುತ್ತಲೂ ಇಳಿದದ್ದು, ಒಣಗಿದರೆ ಅಳ್ಳಾಡುವುದಿಲ್ಲ ಎಂದು ಹತ್ತು ಜನರೆದುರು ಕೊಚ್ಚಿಕೊಂಡದ್ದು, ಎಲ್ಲ ಒಟ್ಟಿಗೇ ನೆನಪಾಯಿತು. ಮೋಟರಿನ ಕತ್ತಿನ ಮೇಲೆ ಇಷ್ಟು ದಿನವೂ ಅವನ ಹೆಬ್ಬೆಟ್ಟೇ ಕೂತಿತ್ತು.

ಮೊದಲು ಹೊಳೆದದ್ದು, ಆ ವೈರನ್ನು ಹಾಗೇ ಬಿಚ್ಚಿಬಿಟ್ಟು ಮುಚ್ಚಳ ಹಾಕುವುದು. ಮೋಟರು ಓಡುತ್ತದೆ, ಬೊಟ್ಟೂ ಉಳಿಯುತ್ತದೆ, ಮಾತೂ ಉಳಿಯುತ್ತದೆ. ಹೇಗಿದ್ದರೂ ಅವಳು ನಲ್ಲಿ ತಿರುಗಿಸಿಯೇ ನಿಲ್ಲಿಸುವವಳು. ಆದರೆ ಎಂದಾದರೊಂದು ದಿನ ಮೋಟರು ಗುತ್ತಲಿಗೆ ಹೋದರೆ? ಯತೀಶ ಮುಚ್ಚಳ ತೆಗೆದು, ನೇತಾಡುವ ಪಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕುರ್ಚಿಯ ಮೇಲೆ ಕೂತ ಗಿರಾಕಿಗಳ ಕಡೆ ತಿರುಗಿ, ‘ಯಾರಪ್ಪ ಈ ಡಾಕ್ಟ್ರು?’ ಅಂದರೆ? ಆ ಮಾತು ಯಾವ ದನಿಯಲ್ಲಿ ಬರುತ್ತದೆ ಎಂದು ಹೊನ್ನಯ್ಯನಿಗೆ ಗೊತ್ತಿತ್ತು. ಅದು ಅವನದೇ ದನಿ.

ರಸ್ತೆಯ ಎರಡೂ ಕಡೆ ನೋಡಿದ. ಡ್ರಮ್ಮಿಗೆ ಕೈ ಅದ್ದಿ, ಬೊಟ್ಟಿನ ಮೇಲೆ ನೀರು ಬಿಟ್ಟು, ಹೆಬ್ಬೆಟ್ಟಿನಿಂದ ಉಜ್ಜತೊಡಗಿದ. ಪೂಜೆ ಮಾಡಿದ ಬೊಟ್ಟನ್ನು ಅವನು ಹುಟ್ಟಿದಾಗಿನಿಂದ ಅಳಿಸಿದವನಲ್ಲ. ಬಾಯಲ್ಲಿ ಏನೋ ತಪ್ಪಾಯ್ತು ಸ್ವಾಮಿ ಅಂದುಕೊಂಡ, ಸ್ವಾಮಿಗೋ ಮೋಟರಿಗೋ ಅವನಿಗೇ ತಿಳಿಯಲಿಲ್ಲ. ಅಂಟು ನೆನೆದು ಕೆಂಪು ರಾಡಿ ಮೊಣಕೈಗೆ ಇಳಿಯಿತು. ಉಳಿದದ್ದನ್ನು ಸ್ಕ್ರೂಡ್ರೈವರಿನ ಮೊನೆಯಿಂದ ಸುತ್ತಲೂ ಕೆರೆದ. ಟಕ್ ಎಂದು ಬಟನ್ನು ಹೊರಕ್ಕೆ ಹಾರಿ ನಿಂತಿತು.

ಹಣೆಯ ಬೆವರು ಒರೆಸಿಕೊಂಡು, ಪಿನ್ನು ಸೇರಿಸಿ, ಟೋಪಿ ತಿರುಪಿ, ಪ್ಲಗ್ಗು ಕೂರಿಸಿ, ಮುಚ್ಚಳ ಹಾಕಿ ಹಗ್ಗ ಎಳೆದ. ಮೋಟರು ಒಂದು ಸಲ ಕೆಮ್ಮಿ ಹತ್ತಿಕೊಂಡಿತು. ಡ್ರಮ್ಮಿನ ನೀರು ಕುದಿಯುವ ಹಾಗೆ ಎದ್ದು ಅಂಗಳಕ್ಕೆಲ್ಲ ಚೆಲ್ಲಿತು.

ಅಶೋಕನ ಗೂಡ್ಸ್ ಆಟೋ ಬರುವಷ್ಟರಲ್ಲಿ ಹೊನ್ನಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

“ಸಿಡಿಐ ಅಂತೆ, ಮಣ್ಣಂತೆ!” ಎಂದು ಮೋಟರಿನ ಸದ್ದಿಗೂ ಮೇಲೆ ಕೂಗಿದ. “ಕಾಯಿಲ್ ಒಳಗೆ ಕಚ್ಕಂಡಿತ್ತು, ಬುಡಿಸ್ದೆ. ಮಂಡ್ಯಕ್ಕೆ ಓಗ್ತಾರಂತೆ, ಮಂಡ್ಯಕ್ಕೆ!”

ಪಟ್ಟಲಮ್ಮ ಆಟೋದಿಂದ ಇಳಿದು ಮೋಟರಿನ ಮುಂದೆ ಬಂದು ನಿಂತಳು. ಅವಳು ಮೋಟರು ಓಡುವುದನ್ನು ನೋಡುತ್ತಿರಲಿಲ್ಲ. ಅದರ ಮುಖ ನೋಡುತ್ತಿದ್ದಳು.

“ಬೊಟ್ಟು ಎಲ್ಲೋಯ್ತು?”

“ಯಾವ ಬೊಟ್ಟು?”

“ನೀನಿಟ್ಟಿದ್ದು. ಬರೋ ವರ್ಸದ ತಂಕ ಅಳ್ಳಾಡಾಕಿಲ್ಲ ಅಂದಿದ್ದು.”

“ನೀರು ಬಿದ್ದು ಓಗಿರ್ಬೇಕು,” ಎಂದು ಹೊನ್ನಯ್ಯ ಬಲಗೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ.

ಅಶೋಕ ಸ್ಟೀರಿಂಗಿನ ಮೇಲೆ ಬಿದ್ದು ನಗತೊಡಗಿದ. “ಎಲ್ಲೂ ಓಗಿಲ್ಲ ಕನಕ್ಕ. ಮಾವನ ಅಣೆ ನೋಡು! ಮಾವ, ಮೋಟ್ರುದ ಕಿತ್ತು ನೀನೇ ಮಡಿಕಂಡ್ಯಾ?”

ಬೆವರು ಒರೆಸಿಕೊಂಡಲ್ಲಿ, ಹೊನ್ನಯ್ಯನ ಹಣೆಯ ಈ ತುದಿಯಿಂದ ಆ ತುದಿಯವರೆಗೆ ಕೆಂಪಗೆ ಬಳಿದುಕೊಂಡಿತ್ತು.

ಪಟ್ಟಲಮ್ಮ ನಗಲಿಲ್ಲ. ಬೊಟ್ಟು ಇದ್ದ ಜಾಗದಲ್ಲಿ ಈಗ ಕೆಂಪಗೆ ಎದ್ದು ನಿಂತಿದ್ದುದನ್ನು ನೋಡಿದಳು. ಒಂದು ಬೆರಳು ಚಾಚಿ ಒತ್ತಿದಳು. ಮೋಟರು ತಟ್ಟನೆ ನಿಂತಿತು. ಬೆರಳು ತೆಗೆದಳು, ಬಟನ್ನು ಟಕ್ ಎಂದು ಹೊರಗೆ ಬಂತು. ಇನ್ನೊಂದು ಸಲ ಸುಮ್ಮನೆ ಒತ್ತಿ ಬಿಟ್ಟಳು. ಟಕ್. ಡ್ರಮ್ಮಿನ ನೀರು ಮೆಲ್ಲಗೆ ಅಲುಗಾಡಿ ನಿಂತಿತು.

“ಯತೀಶ ಕೇಳಿದ ಬಟನ್ನು ಇದೇಯ?”

ಹೊನ್ನಯ್ಯ ಬೀಡಿಗಾಗಿ ಜೇಬು ತಡಕಿದ.

“ಅಂಗಾರೆ ನನ್ ನೆಳ್ಳು ಬಿದ್ದಿದ್ದಲ್ಲ,” ಅಂದಳು ಪಟ್ಟಲಮ್ಮ. ದನಿ ಎತ್ತಲಿಲ್ಲ. “ನಿನ್ ಎಬ್ಬೆಟ್ಟು.”

ಅಶೋಕನ ನಗುವೂ ನಿಂತಿತು. ಆ ಹೊತ್ತಿಗೇ ಅವಳ ಸೊಂಟದಲ್ಲಿ ಫೋನು ಹೊಡೆದುಕೊಂಡಿತು. ಅವಳು ತೆಗೆದು, “ಇಲ್ಲ ಕನಪ್ಪ, ಬತ್ತಾ ಇಲ್ಲ. ಇಲ್ಲೇ ಓಡ್ತು,” ಅಂದಳು. ಏನಾಗಿತ್ತು ಎಂದು ಅತ್ತಲಿಂದ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಅವಳು ಫೋನನ್ನು ಹೊನ್ನಯ್ಯನ ಮುಖದ ಹತ್ತಿರ ಹಿಡಿದಳು. “ಏಳು. ನಿನ್ನ ಶಿಷ್ಯ ಕೇಳ್ತಾವ್ನೆ.”

ಹೊನ್ನಯ್ಯ ಆಟೋ ನೋಡಿದ. ಖಾಲಿ ಇತ್ತು. ಒಂದು ಸುಳ್ಳು ಹೇಳಿದರೆ ಅವಳು ಮೋಟರನ್ನು ಎತ್ತಿ ಅದರಲ್ಲಿ ಹಾಕುತ್ತಾಳೆ, ಓಡುತ್ತಿರುವ ಮೋಟರನ್ನೇ ಮಂಡ್ಯಕ್ಕೆ ಒಯ್ಯುತ್ತಾಳೆ, ಇನ್ನೆಂದೂ ಇತ್ತ ತರುವುದಿಲ್ಲ. ಅವಳ ಮುಖದಲ್ಲಿ ಅಷ್ಟು ಬರೆದಿತ್ತು.

“ಸ್ಟಾಪ್ ಬಟನ್ನು,” ಅಂದ. “ಒಳಕ್ಕೇ ಕೂತಿತ್ತು. ಬೊಟ್ಟು ಮೆತ್ಕಂಡು.”

“ನೋಡ್ದೆ ಅಂದ್ರಲ್ಲಣ್ಣ?”

“ಆಗ ನೋಡಿದ್ದೆ. ಈಗ ಕಂಡ್ತು.”

ಅತ್ತಲಿಂದ ನಗು ಬರುತ್ತದೆಂದು ಕಾದ. ಬರಲಿಲ್ಲ. ಬಂದಿದ್ದರೇ ವಾಸಿಯಾಗಿತ್ತು, ತಿರುಗಿ ಬೈಯಬಹುದಿತ್ತು. ಯತೀಶ, “ಓಗ್ಲಿ ಬುಡಣ್ಣ,” ಎಂದು, ರೋಗಿಯನ್ನು ಸಮಾಧಾನ ಮಾಡುವ ದನಿಯಲ್ಲಿ, “ಮೀಟ್ರು ಇನ್ನೂ ಓಡ್ತಾ ಅದಲ್ಲ, ಮಡಿಕಳಿ. ನನ್ ತಾವ ಬೇರೆ ಅದೆ,” ಅಂದ.

ಪಟ್ಟಲಮ್ಮ ಫೋನು ಒಳಗಿಟ್ಟಳು. ಅಂಗಡಿಯೊಳಕ್ಕೆ ಹೋದಳು. ದೇವರ ಪಟದ ಕೆಳಗಿನ ಕುಂಕುಮದ ಬಟ್ಟಲನ್ನು ತೆಗೆದುಕೊಂಡು ಬಂದು ಮೋಟರಿನ ಮುಂದೆ ನಿಂತಳು. ಹೊನ್ನಯ್ಯ ಅಲ್ಲೇ ಅಡ್ಡ ನಿಂತಿದ್ದ.

“ನೀನು ವಸಿ ಅತ್ತಗೆ ನಿಂತ್ಕೊ,” ಅಂದಳು.

ಅವನ ಬಾಯಿ ತೆರೆಯಿತು. ಅಶೋಕ ಆಟೋದಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದ, ಸಂಜೆಗೆ ಟೀ ಅಂಗಡಿಯಲ್ಲಿ ಹೇಳುವುದಕ್ಕೆ ಒಂದೂ ತಪ್ಪಿಹೋಗದ ಹಾಗೆ. ಹೊನ್ನಯ್ಯ ಬಾಯಿ ಮುಚ್ಚಿಕೊಂಡು ಹೋಗಿ ಡ್ರಮ್ಮಿನ ಆ ಪಕ್ಕ ನಿಂತ. ಅವಳನ್ನು ಅಂದು ನಿಲ್ಲಿಸಿದ್ದೂ ಅಲ್ಲೇ. ಪಟ್ಟಲಮ್ಮ ಕಿರುಬೆರಳಿನ ತುದಿಗೆ ಸಾಸಿವೆಯಷ್ಟು ಕುಂಕುಮ ತೆಗೆದುಕೊಂಡು, ಬಟನ್ನಿನ ಗೋಜಿಗೆ ಹೋಗದೆ, ಮುಚ್ಚಳದ ನೆತ್ತಿಗೆ ಇಟ್ಟಳು. ಬಟ್ಟಲನ್ನು ಹೊನ್ನಯ್ಯನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಮೋಟರನ್ನು ಡ್ರಮ್ಮಿನಿಂದ ಬಿಚ್ಚಿ ಕಂಕುಳಿಗೆ ಹಾಕಿಕೊಂಡು ಆಟೋ ಹತ್ತಿದಳು.

“ಕೆರೆ ತಾವ ಬುಡ್ಲಾ,” ಎಂದು ಅಶೋಕನಿಗೆ ಹೇಳಿ, ಹೊರಡುವಾಗ ಕತ್ತು ತಿರುಗಿಸಿದಳು. “ಇನ್ನೊಂದ್ಸಲ ಕೆಟ್ರೆ ಇಲ್ಗೇ ತತ್ತೀನಿ. ಮೀಟ್ರು ತೆಗ್ದು ಮಡಿಗಿರು. ಬಾಯಲ್ಲ.”

ಆಟೋ ಹೋದ ಮೇಲೆ ಹೊನ್ನಯ್ಯ ಡ್ರಮ್ಮಿನ ನೀರಿನಲ್ಲಿ ಮುಖ ತೊಳೆದುಕೊಂಡ. ಹಣೆಯದು ಹೋಯಿತು. ಹೆಬ್ಬೆಟ್ಟಿನದು ಗೆರೆಗಳೊಳಗೆ ಇಳಿದಿತ್ತು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅವನದೇ ಅಂಟು.

ಮೀಟರನ್ನು ಒರೆಸಿ, ಖಾನೆಗೆ ಹಾಕದೆ, ಮೊಳೆಗೆ ನೇತುಹಾಕಿದ. ಮಲ್ಲಿಗಮ್ಮ ಖಾಲಿ ರಿಮೋಟು ಹಿಡಿದುಕೊಂಡು ಬಾಗಿಲಿಗೆ ಬಂದು, “ನನ್ ಸೆಲ್ಲು ಕೊಡು. ಆಯ್ತಾ ನಿನ್ನ ಮಿಕ್ಸಿ ರಿಪೇರಿ?” ಅಂದಳು.

“ಮೋಟ್ರು ಅನ್ನು,” ಅಂದ ಹೊನ್ನಯ್ಯ. ಸೆಲ್ಲು ಕೊಡಲಿಲ್ಲ.